ಫೋಟೋ ತೆಗೆದವರು ಯಾರು?

ಈ ಫೋನಿಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರೋ! ಇವತ್ತು ಬೆಳಿಗ್ಗೆ ಚಹಾದ ಲೋಟ ಕೈಗೆ ಬರುವ ಮೊದಲೇ ಅದು ಹಳೆಯ ಫೋಟೋ ಒಂದನ್ನು ತಾನಾಗಿ ತಂದು ಮುಂದೆ ಹಿಡಿಯಿತು. ಕೆಳಗೆ ‘ನಿಮ್ಮ ನೆನಪುಗಳು’ ಎಂಬ ಬರಹ ಬೇರೆ. ನಾನು ಕೇಳಿದ್ದೆನೇ? ಫೋಟೋದಲ್ಲಿ ಪ್ರಾಗ್ ನಗರದ ಕಲ್ಲಿನ ಸೇತುವೆ, ಅದರ ಮೇಲೆ ಕೆಂಪು ಮಫ್ಲರ್ ಸುತ್ತಿಕೊಂಡು ನಗುತ್ತಿರುವ ನನ್ನ ಮಗಳು ಶ್ರಾವ್ಯ, ಅವಳ ಕಾಲಬುಡದವರೆಗೆ ಚಾಚಿಕೊಂಡ ಒಂದು ಉದ್ದನೆಯ ನೆರಳು. ನೆರಳು ಅವಳದ್ದಲ್ಲ, ಫೋಟೋ ತೆಗೆದವರದ್ದು. ಆ ನೆರಳಿನ ಜೊತೆ ನಾನು ಒಂದು ಚಳಿಗಾಲವಿಡೀ ಏಗಿದ್ದೇನೆ. ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ.

ಮೊದಲು ನನ್ನ ಕಸುಬಿನ ವಿಷಯ ಹೇಳಬೇಕು, ಇಲ್ಲದಿದ್ದರೆ ನನ್ನನ್ನು ಬರೀ ಕೆಟ್ಟ ಮನುಷ್ಯ ಅಂದುಕೊಂಡೀರಿ. ಮಸ್ಕತ್ತಿನ ಬೌಷರ್‌ನಲ್ಲಿ ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ನಾನು ಕೆಲಸಗಾರರ ವೀಸಾ ಕಾಗದಗಳನ್ನು ನೋಡಿಕೊಳ್ಳುವ ಗುಮಾಸ್ತ. ಇಪ್ಪತ್ತಾರು ವರ್ಷಗಳಿಂದ ಸರ್ಟಿಫಿಕೇಟುಗಳನ್ನು ಬೆಳಕಿಗೆ ಹಿಡಿದು ಮುದ್ರೆ ಅಸಲಿಯೋ ನಕಲಿಯೋ ಎಂದು ನೋಡಿ ನೋಡಿ, ಸಂಶಯ ನನಗೆ ಸಂಬಳ ಕೊಡುವ ಗುಣವಾಗಿಬಿಟ್ಟಿತು. ಆಫೀಸಿನಲ್ಲೇ ಬಿಟ್ಟು ಬರಬೇಕಾದದ್ದನ್ನು ಮನೆಗೂ ತಂದೆ. ಮವಾಲೇಹ್ ಮಾರುಕಟ್ಟೆಯಲ್ಲಿ ಕಲ್ಲಂಗಡಿಯನ್ನು ನಾಲ್ಕು ಕಡೆ ಬಡಿದು, ಅಂಗಡಿಯವನ ಮುಖವನ್ನೂ ಓದಿ, ಕೊಳ್ಳದೆ ಬಂದದ್ದುಂಟು. ಹಾಲಿನ ಡಬ್ಬಿಯ ತಾರೀಕು ಸರಿಯಿದ್ದರೂ ಮೂಸುತ್ತೇನೆ. ನನ್ನ ಹೆಂಡತಿ ಸುಜಯ ಹೇಳುವುದುಂಟು: “ನೀವು ಸತ್ತ ಮೇಲೆ ಯಮನ ಹತ್ರವೂ ಐಡಿ ಕಾರ್ಡ್ ಕೇಳುವವರೇ ಮಾರಾಯ್ರೆ.” ಕೇಳಬೇಕಾದದ್ದೇ ಅಲ್ಲವೇ? ಯಾರ್ಯಾರೋ ಬಂದು ಯಮ ಅಂದರೆ ಎದ್ದು ಹೋಗಲಾದೀತೇ?

ಇನ್ನು ಇಲ್ಲಿಯ ಒಂದು ನಿಯಮ. ನಾವು ಎಷ್ಟು ವರ್ಷ ಇಲ್ಲಿದ್ದರೂ ರೆಸಿಡೆಂಟ್ ಕಾರ್ಡಿನ ಬಲದ ಮೇಲೆ ಇರುವವರು. ದೇಶದ ಹೊರಗೆ ಹೋದವರು ಆರು ತಿಂಗಳೊಳಗೆ, ಅಂದರೆ ನೂರ ಎಂಬತ್ತು ದಿನದೊಳಗೆ ಮರಳಿ ಕಾಲಿಡದಿದ್ದರೆ ಕಾರ್ಡು ಖಲಾಸ್. ಆದ್ದರಿಂದ ಹೊರದೇಶಕ್ಕೆ ಓದಲು ಹೋದ ಮಕ್ಕಳನ್ನು ಆರು ತಿಂಗಳಿಗೊಮ್ಮೆ ಕರೆಸಿ ಕಳಿಸುವುದು ನಮ್ಮಲ್ಲಿ ರೂಢಿ. ‘ಮುಟ್ಟಿ ಹೋಗುದು’ ಎಂದು ಅದಕ್ಕೆ ಕರಾವಳಿಯ ನಾವು ಇಟ್ಟ ಹೆಸರು. ಅಲ್ ಹೈಲ್‌ನ ನಮ್ಮ ಕಟ್ಟಡದಲ್ಲಿ ಯಾರ ಮನೆಯ ಹುಡುಗ ಬಂದರೂ ಮೊದಲ ಪ್ರಶ್ನೆ “ರಜೆಯಾ, ಮುಟ್ಟಲಿಕ್ಕಾ?” ಎಂದೇ.

ಶ್ರಾವ್ಯ ಹುಟ್ಟಿದ್ದು ಮಸ್ಕತ್ತಿನಲ್ಲಿ. ಶಾಲೆ ಇಲ್ಲಿ, ಗೆಳತಿಯರು ಇಲ್ಲಿ, ಬಿದ್ದು ಮೊಣಕಾಲು ತರಚಿಕೊಂಡದ್ದೂ ಇಲ್ಲಿ. ಮಂಗಳೂರು ಅವಳಿಗೆ ಬೇಸಿಗೆ ರಜೆಯ ಊರು. ಇಂಗ್ಲೆಂಡಿನ ಉತ್ತರದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿ ಹೊರಟ ದಿನ, ವಿಮಾನ ನಿಲ್ದಾಣದಲ್ಲಿ ಅವಳ ತಲೆ ಸವರಿ ನಾನೇ ಹೇಳಿದ್ದೆ: “ದಿನದ ಲೆಕ್ಕ ನನಗೆ ಬಿಡು. ನೀನು ಓದು.” ಆ ಕಾರ್ಡು ಸತ್ತರೆ ಹುಟ್ಟಿದ ಊರಿಗೇ ಅವಳು ಪ್ರವಾಸಿಯಾಗಿ ಬರಬೇಕು. ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಡಿಸೆಂಬರಿನಲ್ಲಿ ಬಂದು ಮುಟ್ಟಿ ಹೋಗಲಿ ಎಂದು ನನ್ನ ಲೆಕ್ಕ. ಅವಳದ್ದು ಬೇರೆ. “ಅಪ್ಪ, ರಯ್ಯಾ ಮತ್ತು ನಾನು ಯೂರೋಪ್ ಟ್ರಿಪ್ ಪ್ಲಾನ್ ಮಾಡಿದ್ದೇವೆ. ಬಸ್ಸಲ್ಲಿ. ಫೆಬ್ರವರಿಯಲ್ಲಿ ಬರ್ತೇನೆ, ಪ್ರಾಮಿಸ್.” ರಯ್ಯಾ ಯಾರು ಎಂದೆ. ಕ್ಲಾಸಿನ ಒಮಾನಿ ಹುಡುಗಿ, ಮನೆ ಮವಾಲೇಹ್‌ನಲ್ಲಿ ಅಂದಳು. ಸರಿ, ಫೆಬ್ರವರಿಯ ಟಿಕೆಟ್ ನಾನು ಮಾಡುತ್ತೇನೆ ಎಂದು ಒಪ್ಪಿದೆ. ಒಪ್ಪಿದ್ದು ನಾಲಿಗೆ ಮಾತ್ರ. ಇಂಗ್ಲೆಂಡಿಗೆ ಹೋದವಳಿಗೆ ಅಲ್ಲಿ ಸಿಕ್ಕಿದ ಗೆಳತಿ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯವಳಂತೆ! ಇಷ್ಟು ಸಲೀಸಾದ ಉತ್ತರ ಬಂದಾಗಲೆಲ್ಲ ನಾನು ಕಾಗದವನ್ನು ಬೆಳಕಿಗೆ ಹಿಡಿಯುವವನು.

ಆಮೇಲೆ ಫೋಟೋಗಳು ಬರತೊಡಗಿದವು. ಪ್ಯಾರಿಸ್ಸಿನಲ್ಲಿ ಶ್ರಾವ್ಯ ಒಬ್ಬಳೇ. ಬ್ರಸೆಲ್ಸಿನಲ್ಲಿ ದೋಸೆಯಂಥದ್ದೇನನ್ನೋ ತಿನ್ನುತ್ತ ಒಬ್ಬಳೇ. ಪ್ರಾಗಿನ ಸೇತುವೆಯ ಮೇಲೆ ಒಬ್ಬಳೇ. ಸುಜಯ “ಎಷ್ಟು ಚಂದ ಬಂದಿದೆ ನೋಡಿ” ಎಂದು ಹಿಗ್ಗಿದಳು. ಚಂದ ಬಂದದ್ದೇ ನನಗೆ ತಲೆನೋವು. ಇಷ್ಟು ಚಂದ ತೆಗೆಯುವವರು ಯಾರು? ಆ ರಯ್ಯಾ ಎಂಬವಳು ಒಂದರಲ್ಲೂ ಯಾಕಿಲ್ಲ? ಕೇಳಿಯೇಬಿಟ್ಟೆ.

“ಅವಳಿಗೆ ಫೋಟೋ ಬೇರೆಯವರಿಗೆ ಕಳಿಸುದು ಇಷ್ಟ ಇಲ್ಲ ಅಪ್ಪ. ಅವರ ಮನೆಯಲ್ಲಿ ಅದೆಲ್ಲ ಆಗುದಿಲ್ಲ.”

“ಒಂದೇ ಒಂದು? ನನಗೆ ಮಾತ್ರ?”

“ಅಪ್ಪ, ಸೀರಿಯಸ್ಲಿ?” ಎಂದು ಫೋನಿಟ್ಟಳು.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿಯಂತೆ. ಮರುದಿನ ಶುಕ್ರವಾರ, ಊಟವಾದ ಮೇಲೆ ನಾನು ಸುಜಯಳನ್ನು ಕೆಳಗೆ ಪಾರ್ಕಿಂಗಿಗೆ ಕರೆದುಕೊಂಡು ಹೋಗಿ ಬಿಸಿಲಿನಲ್ಲಿ ನಿಲ್ಲಿಸಿದೆ. ಸೂರ್ಯನನ್ನು ನನ್ನ ಬೆನ್ನಿಗೆ ಮಾಡಿಕೊಂಡು ಫೋಟೋ ತೆಗೆದೆ. ನನ್ನ ನೆರಳು ಹೆಚ್ಚುಕಡಿಮೆ ನನ್ನಷ್ಟೇ ಬಿದ್ದಿತ್ತು. ಮೇಲೆ ಬಂದು ಪ್ರಾಗಿನ ಫೋಟೋವನ್ನು ದೊಡ್ಡದು ಮಾಡಿ, ಸೇತುವೆಯ ಕಲ್ಲುಗಳನ್ನು ಒಂದೊಂದಾಗಿ ಎಣಿಸಿ ಆ ನೆರಳನ್ನು ಅಳೆದೆ. ಲೆಕ್ಕ ಹದಿನೈದು ಅಡಿಗೆ ಹೋಯಿತು. ಹದಿನೈದು ಅಡಿಯ ಮನುಷ್ಯ ಇರಲಾರ ಎಂಬಷ್ಟು ಬುದ್ಧಿ ಇನ್ನೂ ಉಳಿದಿತ್ತು. ಉಣ್ಣೆಯ ಟೋಪಿ, ದಪ್ಪ ಬೂಟು, ಸೇತುವೆಯ ಇಳಿಜಾರು ಎಂದು ಒಂದೊಂದನ್ನೇ ಕಳೆಯುತ್ತ ಬಂದು ಆರಡಿಯಲ್ಲಿ ನಿಲ್ಲಿಸಿದೆ. ಆರಡಿಯ ಗಂಡಸು! ಡಿಸೆಂಬರಿನಲ್ಲಿ ಆ ಕಡೆ ಸೂರ್ಯ ಮಧ್ಯಾಹ್ನವೂ ಮನೆಯ ಮಾಡಿಗಿಂತ ಮೇಲೇರುವುದಿಲ್ಲ, ಮಗುವಿನ ನೆರಳೂ ಅಲ್ಲಿ ತೆಂಗಿನ ಮರದಷ್ಟಾಗುತ್ತದೆ ಎಂಬುದು ಮಸ್ಕತ್ತಿನ ಬಿಸಿಲಿನಲ್ಲಿ ಅರ್ಧ ಆಯುಷ್ಯ ಕಳೆದ ಈ ತಲೆಗೆ ಹೊಳೆಯಲೇ ಇಲ್ಲ.

“ನಿಮಗೆ ಹುಚ್ಚು,” ಎಂದಳು ಸುಜಯ. “ಇದ್ದರೆ ಇರಲಿ. ಇಪ್ಪತ್ಮೂರು ವರ್ಷದ ಹುಡುಗಿ.”

ಇದ್ದರೆ ಇರಲಿ ಎಂದು ನಾನೂ ಅಂದುಕೊಳ್ಳಬಹುದಿತ್ತು. ನನಗೆ ಅವನು ಇರುವುದಕ್ಕಿಂತ ಅವಳು ಮುಚ್ಚಿಟ್ಟದ್ದು ಉರಿಯುತ್ತಿತ್ತು. ಜನವರಿಯಲ್ಲಿ ನಾನೊಂದು ಕೆಲಸ ಮಾಡಿದೆ, ಹೇಳಲು ನಾಚಿಕೆಯಾಗುತ್ತದೆ. ಕಾರ್ಡಿನ ಕೆಲಸಕ್ಕೆ ಬೇಕು ಎಂದು ಸುಳ್ಳು ಹೇಳಿ ಅವಳ ಪಾಸ್‌ಪೋರ್ಟಿನ ಎಲ್ಲ ಪುಟಗಳ ಪ್ರತಿ ತರಿಸಿಕೊಂಡೆ. ಹತ್ತು ನಿಮಿಷದಲ್ಲಿ ಕಳಿಸಿದಳು, ಒಂದು ಪ್ರಶ್ನೆ ಕೇಳದೆ. ಮುದ್ರೆ ಓದುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಯೂರೋಪಿನಿಂದ ಹೊರಬಿದ್ದ ಮುದ್ರೆ ಬುಡಾಪೆಸ್ಟಿನದು! ನನಗೆ ಹೇಳಿದ್ದು ಪ್ರಾಗಿನವರೆಗೆ ಮಾತ್ರ. ಸಿಕ್ಕಿಬಿದ್ದಳು ಎಂದು ಫೋನ್ ಮಾಡಿದೆ.

“ಬುಡಾಪೆಸ್ಟಿಗೆ ಯಾರ ಜೊತೆ ಹೋದದ್ದು?”

“ಕಾರ್ಡಿನ ಕೆಲಸಕ್ಕೆ ಅಂತ ಅಲ್ವಾ ಅಪ್ಪ ಕೇಳಿದ್ದು?” ಎಂದಳು. ಧ್ವನಿ ತೀರಾ ಸಣ್ಣದಾಗಿತ್ತು. “ಅಲ್ಲಿಂದ ವಿಮಾನ ಚೀಪ್ ಇತ್ತು, ಅದಕ್ಕೆ ಹೋದದ್ದು. ರಯ್ಯಾ ಜೊತೆ.” ಆಮೇಲೆ ಅವಳು ಅಮ್ಮನ ಫೋನಿಗೆ ಮಾತ್ರ ಕರೆ ಮಾಡತೊಡಗಿದಳು.

ನನಗೂ ಹಟ. ಅವಳಾಗಿ ನನ್ನ ಹತ್ತಿರ ಮಾತಾಡಲಿ, ಆಮೇಲೆ ಟಿಕೆಟ್ ಎಂದು ಕೂತೆ. ಸುಜಯ ಎರಡು ಸಲ ಟಿಕೆಟ್ ನೆನಪಿಸಿದಳು. “ನನಗೆ ಗೊತ್ತುಂಟು” ಎಂದು ಗದರಿದೆ. ಗೊತ್ತಿದ್ದದ್ದು ನಿಜ. ಆದರೆ ತಲೆಯ ತುಂಬ ಆರಡಿಯವನು ನಿಂತಿದ್ದರೆ ಉಳಿದದ್ದಕ್ಕೆ ಜಾಗ ಎಲ್ಲಿ? ಬುಡಾಪೆಸ್ಟಿನ ಮುದ್ರೆಯ ಪಕ್ಕದ ಪುಟದಲ್ಲೇ ಅವಳು ಸೆಪ್ಟೆಂಬರಿನಲ್ಲಿ ಬ್ರಿಟನ್ನಿಗೆ ಇಳಿದ ದಿನದ ಮುದ್ರೆ ಇತ್ತು. ಅಲ್ಲಿಂದ ಬೆರಳು ಮಡಚಿದ್ದರೆ ಸಾಕಿತ್ತು.

ಮಾರ್ಚಿನ ಒಂದು ಬೆಳಿಗ್ಗೆ ಆಫೀಸಿನಲ್ಲಿ, ರಜೆಗೆ ಊರಿಗೆ ಹೋಗಿದ್ದ ಬಿಹಾರದ ಮೇಸ್ತ್ರಿಯೊಬ್ಬನಿಗೆ ಫೋನಿನಲ್ಲಿ ಬೈಯುತ್ತಿದ್ದೆ. “ನೂರ ಎಪ್ಪತ್ತು ದಿನ ಆಯಿತು, ಯಲ್ಲಾ, ಹೊರಡು, ಇಲ್ಲದಿದ್ದರೆ ಕಾರ್ಡು ಹೋಗುತ್ತದೆ” ಎಂದು ಹಿಂದಿಯಲ್ಲಿ ಕೂಗಿ ಫೋನಿಟ್ಟೆ. ಇಟ್ಟ ಕೈ ಅಲ್ಲೇ ನಿಂತಿತು. ಕಂಪನಿಯ ನಾನ್ನೂರು ಜನರ ದಿನ ನನ್ನ ಪಟ್ಟಿಯಲ್ಲಿತ್ತು. ನನ್ನ ಮಗಳ ಹೆಸರು ಅದರಲ್ಲಿರಲಿಲ್ಲ. ಎಣಿಸಿದೆ. ನೂರ ಎಂಬತ್ತಾರು. ಮತ್ತೆ ಎಣಿಸಿದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು.

ಅವಳಿಗೆ ನಾನೇ ಫೋನ್ ಮಾಡಿ ಹೇಳಿದೆ. ಬೈಯುತ್ತಾಳೆ ಎಂದು ಕಾದೆ. ಬೈಗುಳಕ್ಕೆ ಉತ್ತರ ನನ್ನಲ್ಲಿ ಇತ್ತು, ನೀನಾದರೂ ನೆನಪಿಟ್ಟುಕೊಳ್ಳಬಾರದಿತ್ತೇ ಎಂದು. ಅವಳು ಹೇಳಿದ್ದು ಇಷ್ಟೇ: “ನಾನು ದಿನ ಎಣಿಸಲೇ ಇಲ್ಲ ಅಪ್ಪ. ನೀವು ಇದ್ದೀರಲ್ಲ ಅಂತ.”

ಆ ಮಾತು ಕೇಳಿ ಆಫೀಸಿನ ಮೆಟ್ಟಿಲಿನ ಮೇಲೆ ಕೂತು ಅತ್ತೆ. ಹೇಳಿಕೊಳ್ಳಲು ಸಂಕೋಚವಿಲ್ಲ, ಅತ್ತೆ.

ಜೂನ್‌ನಲ್ಲಿ ಅವಳು ಬಂದಳು. ಬ್ರಿಟನ್ನಿನ ವೀಸಾ ಇದ್ದವರಿಗೆ ಇಲ್ಲಿ ಹದಿನಾಲ್ಕು ದಿನ ಪ್ರವಾಸಿಗಳಾಗಿ ಇರಲು ಅವಕಾಶವಿದೆ, ಆ ಲೆಕ್ಕದಲ್ಲಿ. ನಾನೂ ಸುಜಯಳೂ ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಬಿಳಿಯ ದಿಶ್ದಾಶ ನಿಲುವಂಗಿ ತೊಟ್ಟ ಒಬ್ಬ ಒಮಾನಿ ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಆಪ್ ಶ್ರಾವ್ಯ ಕಾ ಬಾಬಾ?” ಎಂದ. ಹೌದೆಂದೆ.

“ಮೈ ರಯ್ಯಾ ಕಾ ಬಾಬಾ,” ಎಂದು ಎದೆಯ ಮೇಲೆ ಕೈಯಿಟ್ಟುಕೊಂಡ. “ನನ್ನ ಮಗಳು ಕಳಿಸಿದ ಫೋಟೋದಲ್ಲೆಲ್ಲ ಒಬ್ಬಳೇ. ನಾನು ದಿನಾ ಕೇಳಿದೆ, ಯಾರು ತೆಗೆಯುತ್ತಾರೆ, ಯಾರು ತೆಗೆಯುತ್ತಾರೆ? ಶ್ರಾವ್ಯ ಅಂದಳು. ನಾನು ನಂಬಲಿಲ್ಲ!” ಎಂದು ಮುರುಕು ಹಿಂದಿಯಲ್ಲಿ ಹೇಳಿ, ಜನ ತಿರುಗಿ ನೋಡುವಂತೆ ನಕ್ಕ. ನನಗೂ ನಗು ಬಂತು. ಅಷ್ಟು ಹೊತ್ತಿಗೆ ಗಾಡಿ ತಳ್ಳುತ್ತ ರಯ್ಯಾ ಹೊರಗೆ ಬಂದಳು. ಸೂಟ್‌ಕೇಸಿನ ಹಿಂದೆ ತಲೆ ಮಾತ್ರ ಕಾಣುತ್ತಿತ್ತು. ಐದಡಿಯೂ ಇರಲಾರಳು.

ದೇಶದವರ ಸಾಲಿನಲ್ಲಿ ಅವಳಿಗೆ ಐದು ನಿಮಿಷ ಹಿಡಿದಿತ್ತಂತೆ. ಶ್ರಾವ್ಯ ಹೊರಬರಲು ಒಂದು ಗಂಟೆಯಾಯಿತು. ಅಪ್ಪ ಕರೆದರೂ ರಯ್ಯಾ ಹೋಗಲಿಲ್ಲ. “ನಾವು ಒಟ್ಟಿಗೆ ಮನೆಗೆ ಬರುತ್ತಿದ್ದೇವೆ ಅಂತ ವಿಮಾನದಲ್ಲೆಲ್ಲ ಹೇಳಿಕೊಂಡು ಬಂದೆವು” ಎಂದು ಸುಜಯಳ ಪಕ್ಕ ಕೂತಳು.

ಕಾರಿನಲ್ಲಿ ಶ್ರಾವ್ಯ ಹಿಂದಿನ ಸೀಟಿನಿಂದ ತಾನಾಗಿ ಹೇಳಿದಳು: “ಆಫೀಸರ್ ತುಂಬಾ ಒಳ್ಳೆಯವರು ಅಮ್ಮ. ಮೊದಲ ಸಲ ಬಂದದ್ದಾ ಅಂತ ಕೇಳಿದ್ರು. ಹುಟ್ಟಿದ್ದೇ ಇಲ್ಲಿ ಅಂದೆ. ಪಾಪ, ಪಾಸ್‌ಪೋರ್ಟ್ ಇನ್ನೊಮ್ಮೆ ತೆರೆದು ನೋಡಿದ್ರು. ವೆಲ್‌ಕಮ್ ಟು ಒಮಾನ್ ಅಂದ್ರು.” ಸುಜಯ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾನು ಗಾಡಿ ಓಡಿಸಿದೆ.

ಹೊಸದಾಗಿ ಅರ್ಜಿ ಹಾಕಿ ಕಾರ್ಡು ಮಾಡಿಸಬಹುದಿತ್ತು. ಎಲ್ಲ ತುಂಬಿಸಿ, ಸಹಿ ಹಾಕುವ ಜಾಗದಲ್ಲಿ ಪೆನ್ಸಿಲಿನ ಗುರುತು ಮಾಡಿ ಅವಳ ಮುಂದಿಟ್ಟೆ. “ಈಗ ಬೇಡ ಅಪ್ಪ” ಎಂದಳು. ಕೋಪದಲ್ಲಿ ಹೇಳಿದ್ದರೆ ಇಳಿಯುವವರೆಗೆ ಕಾಯಬಹುದಿತ್ತು. ಅವಳು ಕೋಪದಲ್ಲಿ ಹೇಳಲಿಲ್ಲ. ಓದು ಮುಗಿದ ಮೇಲೆ ಅಲ್ಲೇ ಕೆಲಸ ಸಿಕ್ಕಿತು. ಈಗ ವರ್ಷಕ್ಕೊಮ್ಮೆ ಬರುತ್ತಾಳೆ, ಹದಿನಾಲ್ಕು ದಿನಕ್ಕೆ.

ಕಳೆದ ವಾರ ಫೋನ್ ಮಾಡಿದ್ದಳು. ಈ ತಿಂಗಳ ಕೊನೆಗೆ ಬರುತ್ತಾಳಂತೆ, ಜೊತೆಗೆ ಇನ್ನೊಬ್ಬರು ಬರುತ್ತಾರಂತೆ. ಸುಜಯ ನನ್ನ ತೋಳು ಚಿವುಟಿದಳು, ಯಾರು ಅಂತ ಕೇಳಿ, ಕೇಳಿ ಎಂದು. ನಾನು ಕೇಳಲಿಲ್ಲ. ಯಾರಾದರೂ ಆಗಲಿ, ಉಣ್ಣಲು ಏನು ಇಷ್ಟ ಅಂತ ಅಮ್ಮನಿಗೆ ಹೇಳು ಎಂದೆ. ಅವಳಿಗೂ ಆಶ್ಚರ್ಯವಾಗಿರಬೇಕು, ನಕ್ಕಳು. ಬಹಳ ದಿನಗಳ ಮೇಲೆ ನನ್ನ ಜೊತೆ ಹಾಗೆ ನಕ್ಕದ್ದು. ಆ ನಗುವಿನ ಧೈರ್ಯದಲ್ಲಿ ಕೇಳಿದೆ: “ಈ ಸಲ ವೀಸಾದ ದಿನ ನಾನೇ ನೋಡಿಕೊಳ್ಳಲಾ ಮಗಾ?”



“ಬೇಡ ಅಪ್ಪ, ಅದನ್ನು ನಾನೇ ಎಣಿಸ್ತೇನೆ,” ಎಂದಳು. “ನೀವು ಏರ್‌ಪೋರ್ಟಿಗೆ ಬನ್ನಿ.”