ವಯಸ್ಸು ಕೇಳುವ ಬಗೆ

ಇವತ್ತು ಜೂನ್ ಒಂದು. ಬೆಳಿಗ್ಗೆ ಮೊಬೈಲ್ ತೆರೆದರೆ ಕಾಲೇಜಿನ ವಾಟ್ಸಾಪ್ ಗುಂಪಿನ ತುಂಬ ಕೇಕಿನ ಚಿತ್ರಗಳು. ನನ್ನನ್ನೂ ಸೇರಿಸಿ ನಾಲ್ವರು ಅಧ್ಯಾಪಕರಿಗೆ ಒಟ್ಟಿಗೇ ಶುಭಾಶಯ. ಒಂದೇ ದಿನ ನಾಲ್ವರು ಹೇಗೆ ಹುಟ್ಟಿದರೆಂದು ಆಶ್ಚರ್ಯಪಡಬೇಡಿ. ನಾವು ನಾಲ್ವರೂ ಮನೆಯಲ್ಲಿ ಮೊದಲು ಶಾಲೆ ಕಂಡವರು. ನಮ್ಮ ಹುಟ್ಟಿದ ದಿನವನ್ನು ಗೊತ್ತುಮಾಡಿದವರು ಹೆಡ್‌ಮಾಸ್ಟರುಗಳು.

ನನ್ನೂರು ಬಿಳಿಚೋಡು. ಕುರಿ ಕಾಯುತ್ತಿದ್ದ ಅಪ್ಪ ನನ್ನನ್ನು ಶಾಲೆಗೆ ಕರೆದೊಯ್ದಾಗ ಹೆಡ್‌ಮಾಸ್ಟರು, "ಬಲಗೈ ತಲೆ ಮ್ಯಾಲಿಂದ ತಂದು ಎಡಗಿವಿ ಮುಟ್ಟವ್ವಾ" ಎಂದರು. ಮುಟ್ಟಿದರೆ ಆರು ವರ್ಷ ತುಂಬಿತೆಂದು ಲೆಕ್ಕ, ಶಾಲೆ ಶುರುವಾಗುವ ಜೂನ್ ಒಂದೇ ಹುಟ್ಟಿದ ದಿನ. ನನ್ನ ಕೈ ಉದ್ದ. ಕಿವಿ ಹಿಡಿದು ಎಳೆದೂ ತೋರಿಸಿದೆ. ಆ ತಾರೀಖನ್ನೇ ಹೊತ್ತುಕೊಂಡು ಎಂಬಿಬಿಎಸ್ ಮುಗಿಸಿದೆ, ಎಂ.ಡಿ. ಮಾಡಿದೆ, ಮೆಡಿಕಲ್ ಕಾಲೇಜಿನಲ್ಲಿ ಮೇಡಂ ಆದೆ. ಬೀಗಿಕೊಂಡೇ ಹೇಳುತ್ತಿದ್ದೇನೆ, ನಮ್ಮ ಮನೆಯಲ್ಲಿ ನನಗಿಂತ ಮೊದಲು ಸಹಿ ಹಾಕಿದವರಿಲ್ಲ.

ಮೆಡಿಕಲ್ ಕಾಲೇಜಿನ ಬದುಕು ನಿಮಗೆ ಗೊತ್ತಿರಲಿಕ್ಕಿಲ್ಲ. ಚೆನ್ನಾಗಿ ಪಾಠ ಮಾಡಿದರೆ ವಿದ್ಯಾರ್ಥಿಗಳು ನಮಸ್ಕಾರ ಮಾಡುತ್ತಾರೆ, ಅಷ್ಟೆ. ಬಡ್ತಿ ಬೇಕೆಂದರೆ ಸಂಶೋಧನಾ ಲೇಖನ ಅಚ್ಚಾಗಿರಬೇಕು. ಹೊಸದಾಗಿ ಮದುವೆಯಾದವರನ್ನು "ಏನೂ ವಿಶೇಷ ಇಲ್ವಾ?" ಎಂದು ಕೇಳುತ್ತಾರಲ್ಲ, ಹಾಗೆ ನಮ್ಮನ್ನು ಕಂಡಕಂಡವರೆಲ್ಲ "ಪೇಪರ್ ಏನಾಯ್ತು?" ಎಂದು ಕೇಳುತ್ತಾರೆ.

ಏಳೆಂಟು ವರ್ಷದ ಕೆಳಗೆ ನನ್ನ ಪೇಪರ್ ಸವಳಂಗದ ಸುತ್ತಲಿನ ಹಳ್ಳಿಗಳ ಹೆಂಗಸರ ರಕ್ತದೊತ್ತಡದ ಮೇಲಿತ್ತು. ಮುನ್ನೂರು ಚಿಲ್ಲರೆ ಹೆಂಗಸರ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದೆ, ವಯಸ್ಸು ಕೇಳಿದೆ, ಬರೆದೆ, ವೈದ್ಯಕೀಯ ಪತ್ರಿಕೆಗೆ ಕಳಿಸಿದೆ. ಬಡ್ತಿಯ ಸಂದರ್ಶನಕ್ಕೆ ಎರಡು ವಾರವಿದೆ ಎನ್ನುವಾಗ ಪೇಪರ್ ವಾಪಸು ಬಂತು. ಪರಿಶೀಲಿಸಿದವರು ಕೇಳಿದ್ದು ಒಂದೇ ಪ್ರಶ್ನೆ: "ಈ ಊರುಗಳಲ್ಲಿ ಮೂವತ್ತೇಳು ವರ್ಷದವರು ಯಾರೂ ಇಲ್ಲವೇ?"

ವಯಸ್ಸಿನ ಪಟ್ಟಿ ತೆರೆದು ನೋಡಿದೆ. ಮೂವತ್ತೈದು, ನಲವತ್ತು, ನಲವತ್ತೈದು, ಐವತ್ತು, ಅರವತ್ತು. ಹೆಂಗಸರು ಐದು ಹತ್ತರ ಲೆಕ್ಕದಲ್ಲಿ ಬಾಯಿಗೆ ಬಂದ ಅಂಕಿ ಹೇಳಿದ್ದರು, ನಾನು ಬರೆದುಕೊಂಡಿದ್ದೆ. ಕಿವಿ ಮುಟ್ಟಿ ವಯಸ್ಸು ಪಡೆದವಳಿಗೇ ಇದು ಹೊಳೆಯಲಿಲ್ಲ ನೋಡಿ!

ನಮ್ಮ ವಿಭಾಗದ ಮುಖ್ಯಸ್ಥರು ಕೆಟ್ಟವರಲ್ಲ. ನನ್ನ ಬಡ್ತಿ ನನಗಿಂತ ಅವರಿಗೇ ಹೆಚ್ಚು ಬೇಕಿತ್ತು. "ಏನ್ರೀ, ಇದಕ್ಕೆಲ್ಲ ಮುಖ ಸಣ್ಣ ಮಾಡ್ಕೋತಾರೇನ್ರಿ? ಎಕ್ಸೆಲ್‌ನಾಗೆ ಒಂದ್ ಕಡೆ ಎರಡು ಕೂಡಿಸ್ರಿ, ಒಂದ್ ಕಡೆ ಒಂದು ಕಳೀರಿ. ಅರ್ಧ ಗಂಟೆ ಕೆಲಸ. ಯಾರ್ ಬಂದು ನೋಡ್ತಾರೆ?"

ಸುಳ್ಳು ಯಾಕೆ ಹೇಳಲಿ, ಲ್ಯಾಪ್‌ಟಾಪ್ ಮುಂದೆ ಕೂತೆ. ನಾಲ್ಕು ಸಾಲು ತಿದ್ದಿಯೂ ಬಿಟ್ಟೆ. ಐದನೆಯ ಸಾಲಿಗೆ ಬಂದಾಗ ಆ ಸಾಲಿನ ಹೆಂಗಸಿನ ಮುಖ ನೆನಪಾಯಿತು; ಬಿಪಿ ನೋಡಿದ ಮೇಲೆ ಹೊರಡಲು ಬಿಡದೆ ಮಂಡಕ್ಕಿ ತಿನ್ನಿಸಿದ್ದಳು. ನಾಲ್ಕನ್ನೂ ಮೊದಲಿದ್ದಂತೆ ಮಾಡಿ, ಮರುದಿನ ಸವಳಂಗದ ಬಸ್ಸು ಹತ್ತಿದೆ.

ಅಲ್ಲಿ ರತ್ನಕ್ಕ ಇದ್ದಳು, ಆಶಾ ಕಾರ್ಯಕರ್ತೆ. ಏಳನೇ ಕ್ಲಾಸು ಓದಿದವಳು. ನನ್ನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮೇಡಂ, ವಯಸ್ಸು ಎಷ್ಟು ಅಂತ ಕೇಳಿದ್ರೆ ಅವ್ರಿಗೆ ಹೆಂಗ್ ಗೊತ್ತಾಗ್ಬೇಕು? ನೀವು ಓದಿದೋರು ಹಿಂಗೇನಾ ಕೇಳಾದು?"

ಅವಳು ಕೇಳುವ ಬಗೆಯೇ ಬೇರೆ. ಊರಿಗೆ ಮೊದಲ ಬಸ್ಸು ಬಂದದ್ದು, ಕರೆಂಟು ಬಂದದ್ದು, ಶಾಲೆಗೆ ಹೆಂಚು ಹೊದಿಸಿದ್ದು ಯಾವಯಾವ ವರ್ಷವೆಂದು ಮೊದಲು ಪಂಚಾಯ್ತಿಯಲ್ಲೂ ಹಳೇ ಪೋಸ್ಟ್‌ಮ್ಯಾನ್ ಹತ್ತಿರವೂ ವಿಚಾರಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಆಮೇಲೆ ಮನೆಮನೆಗೆ ಹೊರಟೆವು.

ನಾನು ಅರವತ್ತೆಂದು ಬರೆದುಕೊಂಡಿದ್ದ ಗಂಗಮ್ಮನ ಜಗಲಿಯಲ್ಲಿ ರತ್ನಕ್ಕ ಕೂತಳು.

"ಗಂಗತ್ತೇ, ನೀನು ಮದುವೆಯಾಗಿ ಬಂದಾಗ ಊರಾಗೆ ಕರೆಂಟ್ ಇತ್ತಾ?"

"ಎಲ್ಲಿ ಕರೆಂಟೇ! ಕಂಬ ನೆಟ್ಟಿದ್ರು, ತಂತಿ ಎಳ್ದಿರಲಿಲ್ಲ."

"ಆವಾಗ ಮೈನೆರೆದು ಎಷ್ಟು ದಿನ ಆಗಿತ್ತು?"

"ವರ್ಷಾನೂ ತುಂಬಿರಲಿಲ್ಲ ಕಣೇ. ಸೀರೆ ಉಡಾಕೂ ಬರ್ತಿರಲಿಲ್ಲ."

ಕರೆಂಟು ಬರುವ ಸ್ವಲ್ಪ ಮೊದಲು ಹದಿಮೂರೋ ಹದಿನಾಲ್ಕೋ; ಕೂಡಿ ಕಳೆದು ನೋಡಿದರೆ ಈಗ ಐವತ್ತೆರಡೋ ಐವತ್ಮೂರೋ. "ಮತ್ತೆ ನನಗ್ಯಾಕೆ ಅರವತ್ತು ಅಂದ್ರಿ?" ಎಂದು ಕೇಳಿದೆ.

"ಅರವತ್ತು ಅಂದ್ರೆ ಪಿಂಚಣಿ ಬರೀತೀಯೇನೋ ಅಂದ್ಕೊಂಡ್ನವ್ವಾ" ಎಂದವಳೇ ಒಳಗಿದ್ದ ಗಂಡನಿಗೆ ಕೂಗಿ ಹೇಳಿದಳು: "ಏ, ಕೇಳಿಸ್ತೇನು? ನಾನಿನ್ನಾ ಸಣ್ಣಾಕಿ ಅಂತೆ!"

ಎಲ್ಲರೂ ನಕ್ಕೆವು. ಬಸ್ಸಿನಲ್ಲಿ ಪಟ್ಟಿ ನೋಡುವಾಗ ನನ್ನ ನಗು ನಿಂತಿತು. ಇಂಥ ಗಂಗಮ್ಮಂದಿರು ಬಹಳ ಜನ ಇದ್ದರು. ಏರಿದ ಬಿಪಿ ವಯಸ್ಸಾದವರ ತೊಂದರೆ ಎಂದು ನಾನು ಬರೆದಿದ್ದೆ; ನಿಜವಾಗಿ ಅದು ನಡುವಯಸ್ಸಿನವರ ತೊಂದರೆಯಾಗಿತ್ತು. ಎಕ್ಸೆಲ್‌ನಲ್ಲಿ ಒಂದೆರಡು ಕೂಡಿಸಿ ಕಳೆದಿದ್ದರೆ ಅದು ಅಲ್ಲೇ ಹೂತುಹೋಗುತ್ತಿತ್ತು. ಮಾತ್ರೆ ಬೇಕಾದವರಿಗೆ ಇನ್ನೂ ವಯಸ್ಸಾಗಿಲ್ಲ ಬಿಡಿ ಎಂದು ನಾವು ಸುಮ್ಮನಿರುತ್ತಿದ್ದೆವು.

ಎಲ್ಲ ಮನೆ ಮುಗಿಸಲು ತಿಂಗಳ ಮೇಲಾಯಿತು. ಅಷ್ಟರಲ್ಲಿ ಸಂದರ್ಶನ ಆಗಿಹೋಗಿ, ನನಗಿಂತ ಎರಡು ವರ್ಷ ತಡವಾಗಿ ಸೇರಿದವರು ನನಗಿಂತ ಮೇಲಿನವರಾದರು. ಅವರು ಸ್ವೀಟ್ ಹಂಚಿದಾಗ ಎರಡು ತಿಂದೆ, ಸಿಟ್ಟಿಗೆ. ಪೇಪರ್ ಮುಂದಿನ ವರ್ಷ ಅಚ್ಚಾಯಿತು.

ಈಗ ಹಳೇ ಮುಖ್ಯಸ್ಥರ ಕುರ್ಚಿಯಲ್ಲಿ ನಾನಿದ್ದೇನೆ. ಇವತ್ತು ಮಧ್ಯಾಹ್ನ ನಮ್ಮ ವಿಭಾಗದ ಮಂಜುನಾಥ್ ತಮ್ಮ ಪೇಪರ್ ತಂದು ಮೇಜಿನ ಮೇಲಿಟ್ಟರು. ತ್ಯಾವಣಿಗೆಯಲ್ಲಿ ಮಾಡಿದ ಅಧ್ಯಯನ. ಬಡ್ತಿಯ ಸಂದರ್ಶನ ಬರುವ ತಿಂಗಳು. ನನ್ನದೊಂದು ಸಹಿ ಬಿದ್ದರೆ ಸಾಕು. ವಯಸ್ಸಿನ ಕಾಲಂ ನೋಡಿದೆ: ನಲವತ್ತು, ನಲವತ್ತೈದು, ಐವತ್ತು.

ನಿಜ ಹೇಳುತ್ತೇನೆ, ಪೆನ್ನಿನ ಮುಚ್ಚಳ ತೆಗೆದಿದ್ದೆ. ಈ ಕುರ್ಚಿಯಲ್ಲಿ ಕೂತವರಿಗೆ "ಅರ್ಧ ಗಂಟೆ ಕೆಲಸ" ಎನ್ನುವುದು ಎಷ್ಟು ಸಲೀಸು, ಎಷ್ಟು ಅಕ್ಕರೆಯ ಮಾತು ಎಂದು ಇವತ್ತು ಗೊತ್ತಾಯಿತು.

"ಇದನ್ನ ಇನ್ನೊಂದ್ ಸಲ ಕೇಳ್ಬೇಕಾಗುತ್ತೆ ಮಂಜುನಾಥ್" ಎಂದೆ.

ಅವರ ಮುಖ ಬಾಡಿತು. "ಮೇಡಂ, ಒಬ್ಬನೇ ಹೋದ್ರೆ ಸಂದರ್ಶನದೊಳಗೆ ಮುಗಿಯಾದಿಲ್ರೀ."

"ಒಬ್ರೇ ಯಾಕೆ ಹೋಗ್ತೀರಿ? ಜೀಪಿಗೆ ಹೇಳ್ತೀನಿ. ನಾಳೆ ಏಳಕ್ಕೆ ಗೇಟಿನ ಹತ್ರ ಇರ್ರಿ, ನಾನೂ ಬರ್ತೀನಿ."