ತೂಕದಣ್ಣ ತಿದ್ದಿದ ಚಮಚ

ತೂಕದಣ್ಣನಿಗೆ ಆ ಹೆಸರಿಟ್ಟವನು ನಾನೇ. ಅಂಗಡಿಗಳ ತಕ್ಕಡಿ ರಿಪೇರಿ ಮಾಡುವುದು ಅವನ ಕಸುಬು. ಸವೆದ ತೂಕದ ಬಟ್ಟುಗಳ ತಳದಲ್ಲೊಂದು ತೂತಿರುತ್ತದೆ. ಅದಕ್ಕೆ ಒಂದಿಷ್ಟು ಸೀಸ ಕರಗಿಸಿ ತುಂಬಿ, ಕೊರತೆ ಬಿದ್ದ ಎರಡು ಮೂರು ಗ್ರಾಂ ಕೂಡಿಸಿ ಕೊಡುತ್ತಾನೆ. ಮೆಟ್ಟಿಲ ಕೆಳಗಿನ ಅವನ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವನು ರಸ್ತೆಯಲ್ಲೇ ನಿಲ್ಲಬೇಕು. ಅಲ್ಲೊಂದು ಗಾಜಿನ ಪೆಟ್ಟಿಗೆ, ಅದರೊಳಗೆ ಉಸಿರು ತಾಗಿದರೂ ಅಲುಗುವ ಪುಟ್ಟ ತಕ್ಕಡಿ.

ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, ಬಟ್ಟು ಒರೆಸುತ್ತಾ ಕೂತುಬಿಡುತ್ತಾನೆ. ವಾರವಿಡೀ ದಿನಕ್ಕೆ ಇನ್ನೂರು ಗ್ರಾಂ ಆಲೂಗಡ್ಡೆ ತೂಗಿ, ಬೇಯಿಸಿ ತಿನ್ನುತ್ತಾನೆ. ಕ್ಷೌರ ಮಾಡಿಸಿಕೊಂಡು ಬಂದ ದಿನ ತನ್ನ ತೂಕ ಎಷ್ಟು ಇಳಿಯಿತೆಂದು ನೋಡಿಕೊಳ್ಳುವ ಆಸಾಮಿ. ಇಂಥವನ ಜೊತೆ ಇಪ್ಪತ್ತು ವರ್ಷ ಸ್ನೇಹ ಮಾಡಿದ್ದೇನೆ, ನನ್ನ ತಾಳ್ಮೆಗೆ ಯಾರಾದರೂ ಒಂದು ಶಾಲು ಹೊದಿಸಬೇಕು.

ಒಮ್ಮೆ ದೊಡ್ಡ ಅಂಗಡಿಯವರೊಬ್ಬರು ಬಂದು, ಒಂದು ಕೆಜಿ ಬಟ್ಟಿನಿಂದ ಹತ್ತು ಗ್ರಾಂ ಕೊರೆದು ಕೊಡಲು ಹೇಳಿದರು. ತೂಕದಣ್ಣ ಕೂಗಾಡಲಿಲ್ಲ. ಬಟ್ಟನ್ನು ಹಳೇ ಪೇಪರಿನಲ್ಲಿ ಸುತ್ತಿ ಅವರ ಕೈಗಿಟ್ಟು, "ಇನ್ನು ಈ ಕಡೆ ಬರಬೇಡಿ" ಎಂದ. ಅವರಿಗಿದ್ದ ಮೂರು ಅಂಗಡಿಗಳ ಕೆಲಸವೂ ಕೈ ತಪ್ಪಿತು. ಅವನು ಹಾಯಾಗಿ ನಿದ್ದೆ ಮಾಡಿದ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಇದೇ ಮನುಷ್ಯ ಮುಂದೆ ಒಂದು ಕಳ್ಳ ಅಳತೆ ಮಾಡಿದ.

ಭಾನುವಾರ ಬೆಳಗ್ಗೆ ನಾವು ಮೂವರು ಅಕ್ಕನ ಮನೆ ಸೇರುತ್ತೇವೆ. ಅಕ್ಕ ಎಂದರೆ ನಮ್ಮ ಯಾರ ಒಡಹುಟ್ಟಿದವರೂ ಅಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರಿನವರ ಮಾತನ್ನೆಲ್ಲ ಜೋಡಿಸಿ ನಿವೃತ್ತರಾದವರು, ಗಂಡ ಹೋದ ಮೇಲೆ ಒಬ್ಬರೇ ಇರುವವರು. ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಮೂರನೆಯವನು ಬಸ್ ಡ್ರೈವರ್. ಇಸ್ಪೀಟಿನಲ್ಲಿ ಮೋಸ ಮಾಡುತ್ತಾನೆ, ಸಿಕ್ಕಿಬಿದ್ದರೆ ನಮ್ಮ ಮೇಲೇ ಎಗರಾಡುತ್ತಾನೆ. ನಾನೂ ಡ್ರೈವರನೂ ಅವರನ್ನು ಅಕ್ಕ ಅನ್ನುತ್ತೇವೆ. ತೂಕದಣ್ಣ ಮಾತ್ರ ಮೊದಲ ದಿನದಿಂದಲೂ 'ಮೇಡಂ' ಅನ್ನುತ್ತಾನೆ. ಅವನಿಗೆ ಅವರೆಂದರೆ ಪ್ರಾಣ. ಅದು ನಮಗೆ ಗೊತ್ತು, ಅಕ್ಕನಿಗೂ ಗೊತ್ತು. ತನ್ನ ಗುಟ್ಟು ತನ್ನಲ್ಲೇ ಇದೆ ಎಂದುಕೊಂಡಿರುವವನು ಅವನೊಬ್ಬನೇ.

ಅಕ್ಕನ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆಯಬೇಕಾದರೆ ಒಬ್ಬರು ಹೊರಗೆ ಹೋಗಬೇಕು. ಅಲ್ಲೇ ನಮ್ಮ ಪ್ರಯೋಗಗಳು. ಮಾಡಿದ್ದನ್ನು ಮತ್ತೆ ಮಾಡುವಂತಿಲ್ಲ, ಹೇಗೇ ಬಂದರೂ ತಿಂದು ಮುಗಿಸಬೇಕು. ಒಲೆಯ ಮೇಲೆ ಬೇಯುತ್ತಿರುವಾಗ ಇಸ್ಪೀಟು, ಸೋತವನಿಗೆ ಪಾತ್ರೆ ತೊಳೆಯುವ ಕೆಲಸ. ಕುಂಬಳಕಾಯಿ ಸೂಪಿಗೆ ಕಿತ್ತಳೆ ಸಿಪ್ಪೆ ತುರಿದು ಹಾಕಿ ಕಹಿ ಕುಡಿದಿದ್ದೇವೆ. ಬಾಳೆಹಣ್ಣಿನ ಕೇಕು ಉಬ್ಬದೆ, ನನ್ನ ಪುಸ್ತಕಗಳಿಗೆ ರಟ್ಟಾಗುವಷ್ಟು ಗಟ್ಟಿಯಾಗಿತ್ತು. ಹುರಿದ ಈರುಳ್ಳಿ, ಸೇಬು ಸೇರಿಸಿ ಮಾಡಿದ ಮೊಟ್ಟೆ ಮಾತ್ರ ಎಷ್ಟು ಚೆನ್ನಾಗಿತ್ತೆಂದರೆ, ನಿಯಮ ಮುರಿಯೋಣವೆಂದು ಡ್ರೈವರ್ ಗೋಗರೆದಿದ್ದ.

ಎಲ್ಲ ಲೆಕ್ಕವೂ ನಾನು ಹೊಲಿದ ಒಂದು ನೋಟ್‌ಬುಕ್ಕಿನಲ್ಲಿದೆ. ತೂಕದಣ್ಣ ತನ್ನ ತಕ್ಕಡಿ ತಂದು ತೂಗುತ್ತಾನೆ, ನಾನು ಬರೆಯುತ್ತೇನೆ. ಮೊದಲ ಭಾನುವಾರ ಉತ್ಸಾಹ ಜಾಸ್ತಿಯಾಗಿ, ಆ ಅಡುಗೆಮನೆಯ ಪಾತ್ರೆ, ಸೌಟುಗಳನ್ನೂ ಬಿಡದೆ ತೂಗಿ ನೋಡಿದ್ದ. ಉಪ್ಪನ್ನು ಮಾತ್ರ ಅಕ್ಕ ಅವನಿಗೆ ಮುಟ್ಟಗೊಡಲಿಲ್ಲ. ಅವರದೊಂದು ಸ್ಟೀಲ್ ಚಮಚವಿತ್ತು, ಎಕ್ಸ್‌ಚೇಂಜಿನ ಕ್ಯಾಂಟೀನಿನದು, ನಿವೃತ್ತಿಯ ದಿನ ಜೊತೆಯವರು ಕಾಗದದಲ್ಲಿ ಸುತ್ತಿ ಕೊಟ್ಟದ್ದು. ಹೀಗಾಗಿ ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ, "ಉಪ್ಪು: ಅಕ್ಕನ ಚಮಚ ಒಂದು" ಎಂದಷ್ಟೇ ಇದೆ.

ಹೋದ ಚಳಿಗಾಲದಲ್ಲಿ ಅಕ್ಕ ಜ್ವರ ಬಂದು ಮೂರು ವಾರ ಹಾಸಿಗೆ ಹಿಡಿದರು. ಎದ್ದು ಬಂದ ಮೊದಲ ಭಾನುವಾರ ಟೊಮೆಟೊ ಸೂಪಿಗೆ ಎರಡು ಚಮಚ ಉಪ್ಪು ಹಾಕಿದರು. ಬಾಯಿಗಿಟ್ಟರೆ ಸಮುದ್ರ. ನಾವು ಮುಖ ಮುಖ ನೋಡಿಕೊಂಡೆವು. "ಹೇಗಿದೆಯೋ?" ಎಂದರು ಅಕ್ಕ. "ಸೂಪರ್ ಅಕ್ಕ!" ಎಂದ ಡ್ರೈವರ್, ಆಮೇಲೆ ಒಂದು ಜಗ್ ನೀರು ಖಾಲಿ ಮಾಡಿದ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ನಾವು ಬಾಯಿ ಬಿಡಲಿಲ್ಲ.

ಬಿಡುವುದಾದರೂ ಹೇಗೆ? ಹಿಂದೊಮ್ಮೆ ಇಸ್ಪೀಟೆಲೆ ಕಲಸುತ್ತಾ ಅಕ್ಕ ಹೇಳಿದ್ದರು: "ಕೊನೆಗಾಲದಲ್ಲಿ ನಮ್ಮತ್ತೆಗೆ ನಾಲಿಗೆ ರುಚಿನೇ ಹೋಗಿತ್ತು ಕಣ್ರೋ. ಪಾಪ, ಅವರು ಬಡಿಸೋರು, ನಾವು ಸೊಸೆಯಂದಿರು ಬೆನ್ನ ಹಿಂದೆ ನಗೋರು. ನನಗೆ ಹಾಗಾದ ದಿನ ಒಲೆ ಆರಿಸಿ ನಿಮ್ಮನ್ನೆಲ್ಲ ಮನೆಗೆ ಕಳಿಸ್ತೀನಿ. ಆಮೇಲೆ ಬರಬೇಡಿ." ಅಕ್ಕ ಆಡಿದ ಮಾತಿಗೆ ತಪ್ಪುವವರಲ್ಲ. ಭಾನುವಾರದ ಕೂಟ ನಿಂತುಹೋದರೆ ನನಗೆ ಹೆಂಡತಿ ಮಕ್ಕಳಿದ್ದಾರೆ, ಡ್ರೈವರನಿಗೆ ಮೊಮ್ಮಗಳಿದ್ದಾಳೆ. ತೂಕದಣ್ಣನಿಗೆ ಇನ್ನೂರು ಗ್ರಾಂ ಆಲೂಗಡ್ಡೆ. ಅಕ್ಕನಿಗೆ ಅದೂ ಇಲ್ಲ.

ಒಂದು ಭಾನುವಾರ ಹೊರಡುವಾಗ ತೂಕದಣ್ಣ, "ಮೇಡಂ, ಈ ಚಮಚದ ಹಿಡಿ ಸೊಟ್ಟ ಆಗಿದೆ, ನೆಟ್ಟಗೆ ಮಾಡಿ ತರ್ತೀನಿ" ಎಂದು ಜೇಬಿಗಿಳಿಸಿದ. ಹಿಡಿ ಸೊಟ್ಟವೇನೂ ಇರಲಿಲ್ಲ. ಮಾರನೇ ದಿನ ಅವನಂಗಡಿಗೆ ಹೋದಾಗ, ಚಮಚದ ಗುಳಿಯಲ್ಲಿ ಅರ್ಧದವರೆಗೆ ಏನನ್ನೋ ಕರಗಿಸಿ ಸುರಿದು, ಕೂದಲೆಳೆಯಷ್ಟೂ ಗೆರೆ ಕಾಣದ ಹಾಗೆ ಉಜ್ಜುತ್ತಿದ್ದ.

"ಸೀಸಾನಾ?" ಎಂದೆ ಗಾಬರಿಯಾಗಿ.

"ತಲೆ ಕೆಟ್ಟಿದೆಯಾ ನಿನಗೆ? ಬಾಯಿಗೆ ಹೋಗೋ ವಸ್ತು. ಇದು ತವರ, ಪಾತ್ರೆಗೆ ಕಲಾಯಿ ಹಾಕೋದು." ಅವನು ತಲೆ ಎತ್ತಲಿಲ್ಲ. "ಅವರು ಎರಡು ಹಾಕ್ಲಿ. ಒಂದರಷ್ಟೇ ಬೀಳುತ್ತೆ."

ಚಮಚವನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜತೊಡಗಿದ. ಗೇಲಿ ಮಾಡೋಣವೆಂದು ಹೋದವನು ಸುಮ್ಮನೆ ಎದ್ದು ಬಂದೆ.

ಮೂರು ಭಾನುವಾರ ಸುಸೂತ್ರವಾಗಿ ಕಳೆದವು. ಅಕ್ಕ ಎರಡು ಚಮಚ ಹಾಕುವರು, ಉಪ್ಪು ಹದವಾಗಿರುವುದು, ಡ್ರೈವರ್ ಎರಡೆರಡು ಸಲ ಬಡಿಸಿಕೊಳ್ಳುವನು. ತೂಕದಣ್ಣ ಮಾತ್ರ ತಲೆ ತಗ್ಗಿಸಿ, ಬೇಗ ಬೇಗ ತಿಂದು ಏಳುವನು.

ನಾಲ್ಕನೇ ಭಾನುವಾರ ಗೆಣಸು ಬೇಯುತ್ತಿತ್ತು. ಅಕ್ಕ ಉಪ್ಪು ಹಾಕಲಿಲ್ಲ. ಚಮಚವನ್ನು ತೊಳೆದು, ಒರೆಸಿ, ನಮ್ಮೆದುರಿಗೇ ತೂಕದಣ್ಣನ ತಕ್ಕಡಿಯ ತಟ್ಟೆಯಲ್ಲಿಟ್ಟರು.

"ಎಷ್ಟಿದೆ, ಓದಿ."

ತೂಕದಣ್ಣ ಓದಬೇಕಾಗಿರಲಿಲ್ಲ, ಅವನಿಗೆ ಬಾಯಿಪಾಠ. "ನಲವತ್ತೇಳು ಗ್ರಾಂ" ಎಂದ ಮೆಲ್ಲಗೆ.

"ನೋಟ್‌ಬುಕ್ಕಿನ ಮೊದಲನೇ ಪುಟ ತೆಗಿಯೋ" ಎಂದರು ನನಗೆ. ತೆಗೆದೆ. ನನ್ನದೇ ಅಕ್ಷರದಲ್ಲಿತ್ತು: ಅಕ್ಕನ ಚಮಚ, ಇಪ್ಪತ್ತೊಂಬತ್ತು ಗ್ರಾಂ. ಡ್ರೈವರ್ ಇಸ್ಪೀಟೆಲೆಗಳನ್ನು ಕಲಸುತ್ತಲೇ ಇದ್ದ, ನಿಲ್ಲಿಸಲು ಅವನಿಗೆ ಧೈರ್ಯ ಸಾಲಲಿಲ್ಲ.

"ಮೊದಲನೇ ದಿನವೇ ಕೈಗೆ ಗೊತ್ತಾಯ್ತು" ಎಂದರು ಅಕ್ಕ. "ಇಷ್ಟು ವರ್ಷ ಹಿಡಿದ ಚಮಚ. ಹತ್ತು ಗ್ರಾಂ ಕೊರೆಯೋಕಾಗಲ್ಲ ಅಂತ ಮೂರು ಅಂಗಡಿ ಬಿಟ್ಟೋರು ನೀವು. ಇದನ್ನ ಹೇಗೆ ಮಾಡಿದ್ರಿ?"

"ಅದು ಅಂಗಡಿ, ಮೇಡಂ" ಎಂದ ತೂಕದಣ್ಣ. "ನೀವು ಬಾಗಿಲು ಹಾಕಿಬಿಟ್ರೆ ನಾನು ಎಲ್ಲಿಗೆ ಹೋಗಲಿ?"

ಇಪ್ಪತ್ತು ವರ್ಷದಲ್ಲಿ ಅವನ ಬಾಯಿಂದ ಇಂಥ ಮಾತು ಬಂದದ್ದು ಅದೇ ಮೊದಲು.

ಅಕ್ಕ ಕುರ್ಚಿ ಎಳೆದು ಕೂತರು. "ಜ್ವರ ಬಿಟ್ಟಾಗಿಂದ ನನಗೆ ರುಚಿ ಇಲ್ಲ. ಏನು ತಿಂದರೂ ಕಾಗದ ತಿಂದಂಗೆ. ನಿಮ್ಮ ಮುಖ ನೋಡಿ ಉಪ್ಪು ಹಾಕ್ತಿದ್ದೆ. ನೀವು ಹೊಗಳ್ತಾ ಹೋದ್ರಿ, ನಾನು ಹಾಕ್ತಾ ಹೋದೆ. ನೀವೂ ಬೆನ್ನ ಹಿಂದೆ ನಗ್ತಿದ್ದೀರೇನೋ ಅಂದ್ಕೊಂಡಿದ್ದೆ." ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. "ನಗೋರು ಹೀಗೆ ಕೂತು ಚಮಚ ತಿದ್ತಾರಾ?"

ಆಮೇಲೆ ಎದ್ದು, ಉಪ್ಪಿನ ಡಬ್ಬಿಯನ್ನೂ ಚಮಚವನ್ನೂ ತೂಕದಣ್ಣನ ಕೈಗಿಟ್ಟರು. "ಇನ್ನು ಮೇಲೆ ಉಪ್ಪು ನಿಮ್ಮದು. ಒಲೆ ನನ್ನದು. ಸುಳ್ಳು ಮಾತ್ರ ಹೇಳಬೇಡಿ."

ತೂಕದಣ್ಣ ಒಂದು ಚಮಚ ಹಾಕಿ, ಕಲಕಿ, ಬಾಯಿಗೆ ಬಿಟ್ಟುಕೊಂಡ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದರು.

"ಸಪ್ಪೆ" ಎಂದ.

"ಹಾಗಾದ್ರೆ ಇನ್ನೊಂದು ಹಾಕಿ" ಎಂದರು ಅಕ್ಕ.

ನಾನು ಪೆನ್ನು ಹಿಡಿದು, "ಉಪ್ಪು ಎಷ್ಟು ಗ್ರಾಂ ಅಂತ ಬರೀಲಿ? ಚಮಚದ ತವರ ತೆಗೀತೀಯಾ?" ಎಂದೆ.

"ತೆಗೆಯೋದು ಬೇಡ, ಅದು ಹಾಗೇ ಇರಲಿ" ಎಂದರು ಅಕ್ಕ ನಡುವೆ ಬಾಯಿ ಹಾಕಿ.

ತೂಕದಣ್ಣ ತಕ್ಕಡಿಯ ಕಡೆ ನೋಡಲೂ ಇಲ್ಲ. ಎರಡನೇ ಚಮಚ ಹಾಕಿ ಕಲಕುತ್ತಾ, "ಕಳ್ಳ ಚಮಚ ಎರಡು ಅಂತ ಬರಿ" ಎಂದ.