ಮೂರನೆಯ ಸಿರಿಂಜು

ಆ ಗದ್ದೆಯ ಬದುವಿನ ಮೇಲೆ ನಾನು ನಿದ್ದೆ ಮಾಡಿದ್ದೆನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತು ಎಂದು ಒಮ್ಮೆ ಹೇಳಿದ್ದೇನೆ, ಕೆಳಗೆ ಸಹಿಯನ್ನೂ ಹಾಕಿದ್ದೇನೆ. ಹಾಗಾಗಿ ಇದನ್ನು ಬರೆಯುವಾಗ ಒಂದು ವಾಕ್ಯ ತೀರಾ ಚೆನ್ನಾಗಿ ಬಂದರೆ ನನಗೆ ಅದರ ಮೇಲೆ ಅನುಮಾನ.

ಜಪಾನಿನ ಕ್ಯೋಟೋದಲ್ಲಿ ಹವಾಮಾನದ ಸಭೆ ಮುಗಿದ ಮರುವರ್ಷ ಇರಬೇಕು. ಊರಿನ ಹೆಸರು ಚೆನ್ನೈ ಎಂದಾಗಿತ್ತು, ಬಸ್ಸಿನವರ ಬಾಯಲ್ಲಿ ಇನ್ನೂ ಮೆಡ್ರಾಸ್. ನಾನು ಮಂಡ್ಯ ಕಡೆಯವನು, ಎಂ.ಎಸ್ಸಿ. ಮುಗಿಸಿ ಅಡ್ಯಾರಿನ ಹತ್ತಿರದ ಒಂದು ಪ್ರಯೋಗಾಲಯದಲ್ಲಿ ಸಹಾಯಕನಾಗಿ ಸೇರಿದ್ದೆ. ಭತ್ತದ ಗದ್ದೆ ಎಷ್ಟು ಮೀಥೇನ್ ಬಿಡುತ್ತದೆ ಎಂದು ಅಳೆಯುವುದು ನನ್ನ ಕೆಲಸ. ನೀರು ನಿಂತ ಕೆಸರಿನಲ್ಲಿ ಹುಟ್ಟುವ ಅನಿಲ ಅದು. ಪೈರಿನ ಟೊಳ್ಳು ಕಾಂಡದೊಳಗಿಂದ ಮೇಲೇರಿ, ಗಾಳಿಯಲ್ಲಿ ಬೆರೆತು, ಭೂಮಿಯನ್ನು ಬಿಸಿ ಮಾಡುತ್ತದೆ. ಗದ್ದೆ ಮಾಡಿಯೇ ಬದುಕಿದ ನಮ್ಮ ಮನೆಯಲ್ಲಿ ಇದನ್ನು ಯಾರೂ ನಂಬಲಿಲ್ಲ.

ನನ್ನ ಮೇಲಿನ ವಿಜ್ಞಾನಿಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ತಿರುವಲ್ಲಿಕ್ಕೇಣಿಯಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ಕನ್ನಡ ವೈಷ್ಣವ ಮನೆಯವರು. ಅವರ ಕನ್ನಡ ಅಲ್ಲಲ್ಲಿ ತಮಿಳಿನ ಮೇಲೆ ಕಾಲಿಟ್ಟುಕೊಂಡು ದಾಟುತ್ತಿತ್ತು. ಸೇರಿದ ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದ್ದರು:

“ನೋಡುಪ್ಪಾ, ಶ್ರೀಮಂತ ದೇಶಗಳು ಹೊಗೆ ಇಷ್ಟು ಕಮ್ಮಿ ಮಾಡ್ತೀವಿ ಅಂತ ಒಪ್ಪಿಕೊಂಡು ಬಂದಿದ್ದಾವೆ. ನಮಗೆ ಆ ಕಟ್ಟು ಇಲ್ಲ. ಆದ್ರೆ ಪ್ರತಿ ಸಭೆಯಲ್ಲೂ ಕೇಳ್ತಾರೆ, ನೀವು ಯಾವಾಗ ಅಂತ. ನಿಮ್ಮ ಗದ್ದೆಯಿಂದಲೇ ಎಷ್ಟು ಬರ್ತಿದೆ ನೋಡಿ ಅಂತ. ಎಲ್ಲಿಂದ ತಂದ್ರು ಆ ನಂಬರು? ಅವರೂರಿನ ಗದ್ದೆ ಅಳೆದು ನಮ್ಮೂರಿನ ಎಕರೆಗೆ ಗುಣಿಸಿದ್ರು. ಯಾರಿಗೋ ಜ್ವರ ನೋಡಿ ನಮಗೆ ಮಾತ್ರೆ! ಇಲ್ಲ ಅನ್ನೋಕೆ ನಮ್ಮ ಹತ್ರ ಏನಿದೆ? ಬಾಯಿ ಇದೆ. ನಂಬರ್ ಇಲ್ಲ.”

ಆ ನಂಬರು ತರುವುದಕ್ಕೆ ದೇಶದ ಬೇರೆ ಬೇರೆ ಕಡೆ ಜನ ಗದ್ದೆಗಿಳಿದಿದ್ದರು. ನನ್ನ ಪಾಲಿಗೆ ಬಂದದ್ದು ಪೋರೂರು ಕೆರೆಯ ಆಚೆಗಿದ್ದ ಒಂದು ಸಣ್ಣ ಗದ್ದೆ.

ವಾರಕ್ಕೆರಡು ಸಲ ಹೋಗುತ್ತಿದ್ದೆ. ಎದೆಯೆತ್ತರದ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ನಾಲ್ಕೈದು ಪೈರಿನ ಬುಡಗಳ ಮೇಲೆ ಬೋರಲು ಹಾಕುವುದು. ಹಾಕಿದ ಕೂಡಲೇ ಒಂದು ಸಿರಿಂಜಿನಲ್ಲಿ ಒಳಗಿನ ಗಾಳಿ ಎಳೆಯುವುದು. ಕಾಲು ಗಂಟೆಗೆ ಎರಡನೆಯದು, ಅರ್ಧ ಗಂಟೆಗೆ ಮೂರನೆಯದು, ಮುಕ್ಕಾಲು ಗಂಟೆಗೆ ನಾಲ್ಕನೆಯದು. ಪ್ರತಿ ಸಲವೂ ಗಡಿಯಾರ ನೋಡಿ ಪುಸ್ತಕದಲ್ಲಿ ಹೊತ್ತು ಬರೆಯುವುದು. ಗಾಳಿಯಲ್ಲಿ ಮೀಥೇನ್ ಎಷ್ಟು ಬೇಗ ಏರಿತು ಎಂಬುದರಿಂದ ಗದ್ದೆ ಎಷ್ಟು ಬಿಡುತ್ತಿದೆ ಎಂದು ತಿಳಿಯುತ್ತದೆ. ಎಲ್ಲವೂ ಹೊತ್ತಿನ ಮೇಲೆ ನಿಂತಿತ್ತು. ನಡುವಿನ ಕಾಲು ಗಂಟೆಗಳಲ್ಲಿ ಮಾಡಲು ಏನೂ ಇರಲಿಲ್ಲ.

ಗದ್ದೆಯೊಡತಿ ಐವತ್ತರ ಆಸುಪಾಸಿನ ಹೆಂಗಸು. ನಾನು ಅಕ್ಕಾ ಎನ್ನುತ್ತಿದ್ದೆ, ಅವಳಿಗೆ ನಾನು ತಂಬಿ. ಪಕ್ಕದ ಪಾತಿಯಲ್ಲಿ ಬೆಂಡೆಕಾಯಿ ಬಿಡಿಸುತ್ತಾ ತಮಿಳಿನಲ್ಲಿ ಕೂಗುತ್ತಿದ್ದಳು: “ಏನು ತಂಬಿ, ನನ್ನ ಗದ್ದೆ ಇವತ್ತು ಎಷ್ಟು ಉಸಿರು ಬಿಟ್ಟಿತು? ಮದುವೆಯಾಗೋ ವಯಸ್ಸಲ್ಲಿ ಪೈರನ್ನ ಗಾಜಿನ ಮನೇಲಿ ಕೂರಿಸಿಕೊಂಡು ಕಾಯ್ತಾ ಇದ್ದೀಯಲ್ಲ! ಅದೇನು ನಿನಗೆ ಹೆಣ್ಣು ಕೊಡುತ್ತಾ?”

ಇನ್ನು ಆ ದಿನ. ದೀಪಾವಳಿ ಹೊತ್ತಿಗೆ ಅಲ್ಲಿ ಹಿಡಿಯುವ ಐಪ್ಪಸಿ ತಿಂಗಳ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಬಿಸಿಲು ಎಂದು ಬರೆದೆ. ಪುಸ್ತಕದಲ್ಲಿ ಮೋಡ ಎಂದು ಬರೆದಿದ್ದ ಹಾಗೂ ನೆನಪು. ಎರಡೂ ಇರಲಿ. ಪೆಟ್ಟಿಗೆಯ ಒಳಗೋಡೆಯಲ್ಲಿ ಬೆವರು ಕಟ್ಟಿ ಪೈರು ಮಸುಕಾಗಿತ್ತು. ಕೆಸರಿನಿಂದ ಗುಳ್ಳೆಗಳು ಒಂದೊಂದಾಗಿ ಎದ್ದು ನೀರಿನ ಮೇಲೆ ನಿಂತು, ಯೋಚನೆ ಮಾಡಿದಂತೆ ಮಾಡಿ, ಒಡೆಯುತ್ತಿದ್ದವು. ಮೀನಂಬಾಕ್ಕಂಗೆ ಇಳಿಯುವ ವಿಮಾನಗಳು ತಗ್ಗಿನಲ್ಲಿ ಹಾದುಹೋದಾಗ ಅವುಗಳ ನೆರಳು ಗದ್ದೆಯ ನೀರಿನಲ್ಲಿ ಮೀನಿನಂತೆ ಜಾರುತ್ತಿತ್ತು. ಅವುಗಳಲ್ಲಿ ಒಂದರಲ್ಲಿ ನಮ್ಮ ದೇಶದ ಪ್ರತಿನಿಧಿಗಳು ಕೂತಿದ್ದಾರೆ, ಮಡಿಲಿನ ಮೇಲೆ ನನ್ನ ಅಂಕಿಗಳಿವೆ ಎಂದು ಅಂದುಕೊಳ್ಳುವುದು ನನ್ನ ಅಭ್ಯಾಸ. ಎರಡನೆಯ ಸಿರಿಂಜು ಎಳೆದು ಬದುವಿನ ಮೇಲೆ ಮಂಡಿ ಮಡಚಿ ಕೂತೆ.

ಆಮೇಲೆ ಗದ್ದೆಯ ನಡುವೆ ಒಂದು ಉದ್ದನೆಯ ಮೇಜು. ಸುತ್ತ ಕೋಟು ಹಾಕಿದವರು, ಕಣಕಾಲಿನವರೆಗೆ ನೀರು. ಪ್ರತಿಯೊಬ್ಬರ ಮುಂದೆ ದೇಶದ ಹೆಸರಿನ ಹಲಗೆ, ಪ್ರತಿಯೊಬ್ಬರ ಮೇಲೂ ಒಂದೊಂದು ಪಾರದರ್ಶಕ ಪೆಟ್ಟಿಗೆ. ಮಾತಾಡಿದಷ್ಟೂ ಒಳಗೆ ಮಂಜು ಕವಿದು ಮುಖಗಳು ಅಳಿಸುತ್ತಿದ್ದವು. ನಾನು ಸಿರಿಂಜು ಹಿಡಿದು ಯಾರ ಪೆಟ್ಟಿಗೆಗೆ ಮೊದಲು ಚುಚ್ಚಬೇಕೆಂದು ತಿಳಿಯದೆ ನೀರಿನಲ್ಲಿ ನಿಂತಿದ್ದೆ.

ಇದು ಕನಸಾದರೆ ನಾನು ನಿದ್ದೆ ಮಾಡಿದ್ದೆ. ಎಚ್ಚರದಲ್ಲೇ ಹೀಗೆ ಯೋಚಿಸುತ್ತಾ ಕೂತಿದ್ದೆನಾದರೆ ಮಾಡಿರಲಿಲ್ಲ. ಅಥವಾ ಮುಂದೊಂದು ದಿನ ನಿದ್ದೆ ಮಾಡಿದ್ದೆ ಎಂದು ಹೇಳಿದ ಮೇಲೆ, ಆ ನಿದ್ದೆಗೆ ಬೇಕಾದ ಕನಸನ್ನು ಕಟ್ಟಿಕೊಂಡೆನೋ. ಪುಸ್ತಕದಲ್ಲಿ ಮಾತ್ರ ಮೂರನೆಯ ಸಿರಿಂಜಿನ ಹೊತ್ತು ಸರಿಯಾಗಿ ಅರ್ಧ ಗಂಟೆಗೆ ಇತ್ತು, ಅಕ್ಷರ ದುಂಡಗೆ ನನ್ನದೇ.

ಒಂದು ಶುಕ್ರವಾರ ಮೇಡಂ ಕರೆದು, ಆ ದಿನದ ಸಿರಿಂಜುಗಳ ಗಾಳಿ ಅಳೆದ ಯಂತ್ರದ ಕಾಗದವನ್ನು ಮೇಜಿನ ಮೇಲೆ ಬಿಡಿಸಿದರು. ಎರಡನೆಯ ಮಾದರಿಯವರೆಗೆ ಗೆರೆ ಮೆಲ್ಲಗೆ ಏರಿ, ಮೂರನೆಯದರಲ್ಲಿ ಗೋಪುರದ ಹಾಗೆ ಎದ್ದುಬಿಟ್ಟಿತ್ತು. ಇಡೀ ಹಂಗಾಮಿನಲ್ಲಿ ಅಷ್ಟು ಎತ್ತರ ಬೇರೆ ಯಾವ ದಿನವೂ ಇರಲಿಲ್ಲ.

“ಇದಕ್ಕೆ ಎರಡೇ ಅರ್ಥ,” ಎಂದರು. “ಒಂದು, ಕೆಸರು ಕದಡಿ ಗದ್ದೆ ನಿಜವಾಗಿ ತೇಗಿದೆ. ಇಲ್ಲಾ, ಒಳಗೆ ಅನಿಲ ಇನ್ನೂ ಜಾಸ್ತಿ ತುಂಬಿದ ಮೇಲೆ ನೀನು ಲೇಟಾಗಿ ಎಳೆದು ಟೈಮಿಗೆ ಎಳೆದೆ ಅಂತ ಬರೆದಿದ್ದೀಯ. ಮಧ್ಯಾಹ್ನ, ಗಾಳಿ, ಒಬ್ಬನೇ. ಕಣ್ಣು ಹತ್ತಿತಾ?”

“ನೆನಪಿಲ್ಲ ಮೇಡಂ.”

“ನೆನಪಿಲ್ಲ ಅನ್ನೋಕೆ ಇಲ್ಲಿ ಕಾಲಮ್ ಇಲ್ಲಪ್ಪಾ. ಸೋಮವಾರ ಪಟ್ಟಿ ದೆಹಲಿಗೆ ಹೋಗಬೇಕು. ಯೋಚಿಸಿ ಹೇಳು. ನೀ ಹೇಳಿದ್ದನ್ನೇ ಬರೀತೀನಿ.”

ಶನಿವಾರ ಪೋರೂರಿಗೆ ಹೋದೆ. ಆ ದಿನ ನನ್ನನ್ನು ಯಾರಾದರೂ ಕಂಡಿದ್ದರೆ ಅಕ್ಕ ಒಬ್ಬಳೇ. ಕೊಯ್ಲಿಗೆ ಮೊದಲೇ ಗದ್ದೆಯ ಮೂಲೆಗಳಲ್ಲಿ ಹಳದಿ ಬಣ್ಣದ ಕಲ್ಲು ನೆಟ್ಟಿದ್ದರು. ಗದ್ದೆಯನ್ನು ನಿವೇಶನ ಮಾಡುವವರಿಗೆ ಮಾರಿಯಾಗಿತ್ತು, ಇದೇ ಕೊನೆಯ ಬೆಳೆ. ನಾನು ನಿದ್ದೆಯ ವಿಷಯ ಕೇಳಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

“ಯಾವ ದಿನ ತಂಬಿ? ಬಂದಾಗಲೆಲ್ಲ ಕೊಕ್ಕರೆ ಹಾಗೆ ಕೂತಿರ್ತಿದ್ದೆ. ಕೊಕ್ಕರೆ ನಿದ್ದೆ ಮಾಡ್ತಿದೆಯೋ ಮೀನು ನೋಡ್ತಿದೆಯೋ ಯಾರಿಗೆ ಗೊತ್ತು?” ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದಳು. “ಕೆಲಸಕ್ಕೇನಾದರೂ ತೊಂದರೆಯಾ? ಯಾರು ಕೇಳ್ತಾರೆ ಹೇಳು, ನಾನೇ ಬರ್ತೀನಿ. ಮಲಗಿದ್ದ ಅನ್ನಲಾ, ಮಲಗಿರಲಿಲ್ಲ ಅನ್ನಲಾ? ಯಾವುದಾದರೆ ನಿನಗೆ ಒಳ್ಳೇದು?”

ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಮಲಗಿದ್ದೆ ಎಂದರೆ ಆ ಒಂದು ದಿನ ಹೋಗುತ್ತದೆ, ಉಳಿದ ದಿನಗಳ ತಗ್ಗಿನ ಅಂಕಿಗಳು ಉಳಿಯುತ್ತವೆ. ಮೇಡಂ ವರ್ಷಗಟ್ಟಲೆ ಹೇಳಿಕೊಂಡು ಬಂದದ್ದು ನಿಜವಾಗುತ್ತದೆ. ದೂರದ ಸಭೆಯಲ್ಲಿ ನಮ್ಮವನೊಬ್ಬ ಆ ಪಟ್ಟಿ ಎತ್ತಿ ಹಿಡಿದು, ಭತ್ತ ಬೆಳೆಯುವವರ ಮೇಲೆ ಹೊರೆ ಹಾಕಬೇಡಿ ಎನ್ನುತ್ತಾನೆ. ನಷ್ಟ ಯಾರಿಗೂ ಇಲ್ಲ. ಬೈಸಿಕೊಳ್ಳುವವನು ನಾನೊಬ್ಬ. ಇದು ತ್ಯಾಗದ ಹಾಗೆಯೂ ಕಾಣಿಸಿತು, ಅದು ಇನ್ನೂ ಹಿತವಾಗಿತ್ತು.

ಸೋಮವಾರ ಮೇಡಂ ಎದುರು ನಿಂತು ಹೇಳಿದೆ: “ನಿದ್ದೆ ಮಾಡಿದ್ದೆ ಮೇಡಂ.”

ಅವರ ಮುಖದಲ್ಲಿ ನಾನು ಕಾದಿದ್ದ ನಿರಾಳ ಬರಲಿಲ್ಲ. “ಶರಿ. ಗಡಿಯಾರದಲ್ಲಿ ಇದ್ದ ಟೈಮ್ ಬರೀಲಿಲ್ಲ, ಇರಬೇಕಾಗಿದ್ದ ಟೈಮ್ ಬರೆದೆ.”

“ಹೌದು.”

ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿದರು. “ಈ ದಿನ?”

“ಎಚ್ಚರವಾಗಿದ್ದೆ.”

“ಇದು?”

“ಎಚ್ಚರವಾಗಿದ್ದೆ ಮೇಡಂ.”

“ಹೇಗೆ ಗೊತ್ತು?”

“ರೀಡಿಂಗ್ ಸರಿಯಾಗಿ ಬಂದಿದೆಯಲ್ಲ.”

ಬಾಯಿಂದ ಬಿದ್ದ ಮೇಲೆ ತಿಳಿಯಿತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕಮ್ಮಿ ಬಂದ್ರೆ ಎಚ್ಚರ, ಜಾಸ್ತಿ ಬಂದ್ರೆ ನಿದ್ದೆ. ಅಲ್ವಾ? ಸಭೆಯಲ್ಲಿ ಮೇಜಿನ ಆ ಕಡೆ ಕೂತವನು ನನ್ನ ಇದನ್ನೇ ಕೇಳ್ತಾನೆ. ನಾ ಏನು ಹೇಳಲಿ? ನಮ್ಮ ಹುಡುಗ ಬೇಕಾದ ದಿನ ಮಾತ್ರ ಮಲಗ್ತಾನೆ ಅಂತಲಾ?”

ನಿದ್ದೆ ಮಾಡಿದ್ದು ಸುಳ್ಳು ಎಂದು ಆಗಲೇ ಹೇಳಬಹುದಿತ್ತು. ಆದರೆ ಅದು ಸುಳ್ಳೆಂದೂ ನನಗೆ ಗೊತ್ತಿರಲಿಲ್ಲ. ಮೇಡಂ ಸ್ಕೇಲು ಇಟ್ಟು ಆ ದಿನದ ಮೇಲೆ ಗೆರೆ ಎಳೆದರು, ಅದರ ಹಿಂದಿನ ದಿನದ ಮೇಲೆ ಎಳೆದರು, ನಾಟಿಯಿಂದ ಹೊಡೆ ಬಿಚ್ಚಿ ತೆನೆ ಹೊರಬರುವವರೆಗಿನ ಎಲ್ಲ ದಿನಗಳ ಮೇಲೂ ಎಳೆದರು. ಕೊನೆಯ ಹಾಳೆಯಲ್ಲಿ ‘ಹೊತ್ತಿನ ದಾಖಲೆ ನಂಬುವಂತಿಲ್ಲ’ ಎಂದು ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಸಹಿ ಹಾಕಿದೆ. ನಮ್ಮ ಗದ್ದೆ ಇಲ್ಲದೆ ಪಟ್ಟಿ ದೆಹಲಿಗೆ ಹೋಯಿತು. ಮತ್ತೆ ಅಳೆಯೋಣವೆಂದರೆ ಮುಂದಿನ ಮಳೆಗಾಲಕ್ಕೆ ಅಲ್ಲಿ ಗದ್ದೆಯೇ ಇರಲಿಲ್ಲ, ಮನೆಗಳ ಅಡಿಪಾಯದಲ್ಲಿ ನೀರು ನಿಂತಿತ್ತು.

ಕೆಲವು ವರ್ಷಗಳ ಮೇಲೆ ನಾನು ಆ ಕೆಲಸ ಬಿಟ್ಟು ಪೆರುಂಗುಡಿಯ ಒಂದು ಆಫೀಸಿನಲ್ಲಿದ್ದಾಗ, ದೇಶ ತನ್ನ ಅನಿಲಗಳ ವರದಿಯನ್ನು ಒಪ್ಪಿಸಿದ ಸುದ್ದಿ ಓದಿ, ಕಂಪ್ಯೂಟರಿನಲ್ಲಿ ಅದನ್ನು ತೆರೆದೆ. ಭತ್ತದ ಸಾಲಿನ ಅಂಕಿ ಮೇಡಂ ಹೇಳುತ್ತಿದ್ದ ಹಾಗೆ ಚಿಕ್ಕದಾಗಿಯೇ ಇತ್ತು. ಆಗಲೇ ಅವರಿಗೆ ಫೋನು ಮಾಡಿದೆ. ನಿವೃತ್ತರಾಗಿದ್ದರು, ಹಿಂದೆ ಕುಕ್ಕರಿನ ಸದ್ದು.

“ನೋಡಿದೆ ನೋಡಿದೆ,” ಎಂದರು. “ಅಷ್ಟು ಗದ್ದೆ ಸೇರಿದ ಮೇಲೆ ನಿನ್ನ ಗೋಪುರ ಸೇರಿಸಿದ್ರೂ ಆ ನಂಬರು ಅಲ್ಲಾಡ್ತಿರಲಿಲ್ಲ.”

“ಆವತ್ತು ಅದನ್ನ ಯಾಕೆ ಹೇಳಲಿಲ್ಲ ಮೇಡಂ?”

“ಹೇಳಿದ್ರೆ ನೀನು ನಿಜ ಹೇಳ್ತಿದ್ದೆಯಾ?” ಒಲೆ ಆರಿಸಿ ಬಂದು, “ಈಗಾದ್ರೂ ಹೇಳು. ಮಲಗಿದ್ದೆಯಾ?” ಎಂದರು.

“ಮಲಗಿದ್ದೆ ಮೇಡಂ, ನಿಜವಾಗಿ,” ಎಂದೆ. ಹೇಳುವಾಗ ಬದುವಿನ ಹಸಿ ಹುಲ್ಲು ಕೆನ್ನೆಗೆ ಚುಚ್ಚುತ್ತಿತ್ತು.